ಗುಲ್ಮಾರ್ಗ್‌ನಲ್ಲಿ ಹಗ್ಗದ ಆಚೆ ಕಡೆ

ತುಮಕೂರಿನೋರಿಗೆ ಸ್ಕೀಯಿಂಗ್ ಯಾಕಪ್ಪಾ ಅಂತ ಮನೇಲಿ ಎಲ್ಲರೂ ಕೇಳಿ ಆಗಿದೆ, ನನ್ನ ಹತ್ರನೂ ಉತ್ತರ ಇಲ್ಲ, ಹಿಂದೆ ಗುಲ್ಮಾರ್ಗ್‌ನಲ್ಲಿ ಕೋರ್ಸ್ ಮಾಡ್ಕೊಂಡು ಬಂದಾಗಿಂದ ಹುಚ್ಚು ಹಿಡಿದಿದೆ ಅಷ್ಟೆ. ಈ ಸಲ ತಿಪಟೂರಿನ ನಮ್ ಭಾವನೂ ಬಂದ್ರು, ಅವರೂ ಅದೇ ಕೋರ್ಸ್ ಗಿರಾಕಿ. ಭಾನುವಾರ ಬಂದ್ರೆ ಸಾಕು ಮಧುಗಿರಿ ಬೆಟ್ಟ ಹತ್ತಿ ಇಳಿದು ಕಾಲು ಗಟ್ಟಿ ಮಾಡ್ಕೊಂಡಿದ್ವಿ, ಆದ್ರೆ ಗೊಂಡೊಲಾ (ಅಲ್ಲಿನ ಕೇಬಲ್ ಕಾರ್) ಎರಡನೇ ಹಂತ ಸುಮಾರು 3,950 ಮೀಟರ್ ಎತ್ತರಕ್ಕೆ ತಂದು ಇಳಿಸಿದಾಗ ಬೂಟಿನ ಬಕಲ್ ಹಾಕೋಕ್ಕೇ ಏದುಸಿರು.

ಅಲ್ಲಿ ವಿಷ್ಯ ಏನಂದ್ರೆ, ಗೊಂಡೊಲಾ ಕೆಳಗಿನ ಬೌಲ್ (ಬೋಗುಣಿ ತರದ ಹಿಮದ ಇಳಿಜಾರು) ಮಾತ್ರ ಸ್ಕೀ ಪ್ಯಾಟ್ರೋಲ್, ಅಂದ್ರೆ ಸ್ಕೀ ಜಾಗದ ಸುರಕ್ಷತೆ ನೋಡ್ಕೊಳ್ಳೋರ ಸುಪರ್ದಿ. ಹಿಮ ಜಾಸ್ತಿ ಬಿದ್ರೆ ಅವರು ಸ್ಫೋಟಕ ಹಾಕಿ, ಬೀಳೋದನ್ನ ಮೊದಲೇ ಬೀಳಿಸಿ, ಆಮೇಲೆ ಜನರನ್ನ ಬಿಡ್ತಾರೆ. ಅಫರ್ವಾಟ್ ಬೆಟ್ಟದ ಮಿಕ್ಕಿದ್ದೆಲ್ಲ ಬ್ಯಾಕ್‌ಕಂಟ್ರಿ. ಗಡಿಗೆ ಕಟ್ಟಿರೋ ಹಗ್ಗ ದಾಟಿದ್ರೆ ನೋಡಕ್ಕೆ ಅದೇ ಹಿಮ ಅದೇ ಇಳಿಜಾರು, ಹೇಳೋರು ಕೇಳೋರು ಮಾತ್ರ ಯಾರೂ ಇಲ್ಲ. 2023ರ ಫೆಬ್ರವರೀಲಿ ಇದೇ ಬೆಟ್ಟದಲ್ಲಿ ಹಿಮಕುಸಿತಕ್ಕೆ ಪೋಲೆಂಡ್‌ನ ಇಬ್ರು ಹೋದ್ರು, ಮಾರನೇ ವರ್ಷ ರಷ್ಯಾದವನೊಬ್ಬ.

ಹಗ್ಗದ ಹತ್ರ ನಮ್ಮ ಗೈಡ್ ಒಬ್ಬೊಬ್ರನ್ನೇ ಮುಂದೆ ಕಳಿಸಿ ಎದೆ ಮೇಲಿನ ಬೀಕನ್ (ಹಿಮದಡಿ ಹೂತೋರನ್ನ ಹುಡುಕೋ ರೇಡಿಯೋ ಸಾಧನ) ಸಿಗ್ನಲ್ ಕೊಡ್ತಿದೆಯಾ ಅಂತ ಚೆಕ್ ಮಾಡಿದ್ರು. ಯಾವ ಕಂಪನೀದೇ ಆಗ್ಲಿ ಎಲ್ಲ ಬೀಕನ್ನೂ 457 ಕಿಲೋಹರ್ಟ್ಸ್ ಮೇಲೇ ಕೆಲಸ ಮಾಡೋದು, ಅದಕ್ಕೇ ಯಾರು ಯಾರನ್ನಾದ್ರೂ ಹುಡುಕಬಹುದು. ಹೂತು ಹೋದೋರಿಗೆ 15 ನಿಮಿಷ ದಾಟಿದ್ರೆ ಬದುಕೋ ಆಸೆ ಸರ್ರನೆ ಇಳಿದುಬಿಡತ್ತೆ, ಫೋನ್ ಮಾಡಿ ಯಾರನ್ನೋ ಕರೆಸ್ತೀನಿ ಅಂದ್ರೆ ಆಗಲ್ಲ, ಭಾವನ್ನ ನಾನೇ ಅಗೀಬೇಕು, ನನ್ನನ್ನ ಭಾವನೇ ಅಗೀಬೇಕು. "ಅಗಿಯೋದೇನು ಬಿಡಪ್ಪಾ, ತೆಂಗಿನ ಪಾತಿ ಮಾಡಿರೋ ಕೈ ಇದು" ಅಂದ್ರು ಭಾವ.

ಆ ಮಾತು ಐದೇ ನಿಮಿಷಕ್ಕೆ ನಿಜ ಆಯ್ತು, ಹಿಮದ ಪದರ ಎಷ್ಟು ಗಟ್ಟಿ ಅಂತ ನೋಡೋಕೆ ಗೈಡ್ ಇಬ್ರ ಕೈಲೂ ಗುಂಡಿ ತೋಡಿಸಿದ್ರು. ಎದೆಮಟ್ಟ ತೋಡಿದ ಮೇಲೆ ಗೋಡೇಲಿ ಒಂದು ಕಂಬ ಕತ್ತರಿಸಿ, ಮೇಲೆ ಸಲಿಕೆ ಅಗಲಕ್ಕಿಟ್ಟು ತಟ್ಟೋಕೆ ಶುರು ಮಾಡಿದ್ರು, ಮೊದಲು ಮಣಿಕಟ್ಟಿಂದ ಹತ್ತು ಏಟು, ಆಮೇಲೆ ಮೊಣಕೈಯಿಂದ ಹತ್ತು, ಕೊನೆಗೆ ಭುಜದಿಂದ ಹತ್ತು. ಭುಜದ ತನಕ ಹೋಗಲೇ ಇಲ್ಲ. ಮೊಣಕೈಯಿಂದ ಎರಡನೇ ಏಟಿಗೇ ಮೇಲಿನ ತುಂಡು ಚಾಕೂಲಿ ಕೊಯ್ದಂಗೆ ನೀಟಾಗಿ ಜಾರಿ ಭಾವನ ಬೂಟ್ ಮೇಲೆ ಬಿತ್ತು. ಬಿಟ್ಟುಕೊಂಡ ಜಾಗದಲ್ಲಿ ಕೈ ಹಾಕಿದ್ರೆ ಹಿಮ ಒಂದಕ್ಕೊಂದು ಅಂಟೋದೇ ಇಲ್ಲ, ಬಾಂಬೆ ರವೆ ತರ ಬೆರಳ ಸಂದೀಲಿ ಉದುರ್ತಿತ್ತು. ಅದರ ಮೇಲೆ ಗಾಳಿ ತಂದು ಪೇರಿಸಿದ ಗಟ್ಟಿ ಪದರ, ನಾವು ಇಳೀಬೇಕು ಅಂತಿದ್ದ ಬೌಲ್ ಬೇರೆ 35 ಡಿಗ್ರಿ ಮೇಲೆ, ಹಿಮಕುಸಿತಗಳು ಹೆಚ್ಚಾಗಿ ಆಗೋದೇ 30ರಿಂದ 45 ಡಿಗ್ರಿ ಇಳಿಜಾರಲ್ಲಿ. "ಇಲ್ಲಿ ಬೇಡ" ಅಂದ್ರು ಗೈಡ್, ಚರ್ಚೆ ಇಲ್ಲ. ನಂಗೆ ಹೊಟ್ಟೆ ಉರೀತು, ಅಷ್ಟು ದುಡ್ಡು ಸುರಿದು ಬಂದಿದೀವಿ, ಒಂದು ಗೆರೆನೂ ಬಿದ್ದಿಲ್ಲದ ಬೌಲ್ ಕಣ್ಣೆದುರಿಗಿದೆ. ಆದ್ರೂ ಆ ಗುಂಡಿ ನೋಡಿದ ಮೇಲೆ ವಾದ ಮಾಡೋಕೆ ಬಾಯಿ ಬರಲ್ಲ.

ಬದಲಿಗೆ ಕಮ್ಮಿ ಇಳಿಜಾರಿನ ದಿಣ್ಣೆ ಹಿಡಿದು, ಒಬ್ರು ಇಳಿದು ನಿಂತ ಮೇಲೆ ಇನ್ನೊಬ್ರು, ಹಂಗೇ ಕಾಡು ಸೇರಿದ್ವಿ. ಪೈನ್, ಫರ್ ಮರದ ನಡುವೆ ಮೊಣಕಾಲುದ್ದ ಹಿಮ, ಅಲ್ಲಿ ಭಾವ ಬಿದ್ದು ಎದ್ದು ಬಿದ್ದು ಇಳಿದಿದ್ದನ್ನ ಬರೆಯೋಕೆ ಹೋಗಲ್ಲ, ಅಕ್ಕ ಓದ್ತಾಳೆ. ಬಾಬಾ ರೇಷಿ ದರ್ಗಾ ಹತ್ರ ರೋಡ್ ಸಿಕ್ತು, ಗುಲಾಬಿ ಬಣ್ಣದ ಉಪ್ಪು ಟೀ ಕುಡಿದ್ವಿ (ಭಾವಂಗೆ ಸೇರ್ಲಿಲ್ಲ, ನಾನು ಎರಡು ಲೋಟ ಹೊಡೆದೆ), ಚೈನ್ ಕಟ್ಟಿದ ಜೀಪಲ್ಲಿ ವಾಪಸ್ ಮೇಲಕ್ಕೆ.

"ನಾಳೆ ಆ ಬೌಲ್ ಆಗುತ್ತಾ?" ಅಂತ ಭಾವ ಜೀಪಲ್ಲೇ ಕೇಳಿದ್ರು. ಗೈಡ್ ಮೋಡ ನೋಡಿ, ರಾತ್ರಿ ಹಿಮ ಬಿದ್ರೆ ಇವತ್ತು ಬಂದ ದಾರಿನೂ ಇಲ್ಲ ಅಂದ್ರು. ಬಿತ್ತು, ಎರಡನೇ ಹಂತ ಬಂದ್. ಮಾರನೇ ದಿನ ಪೂರ್ತಿ ಹೋಟೆಲ್ ಹಿಂದೆ ಬೀಕನ್ ಹೂತಿಟ್ಟು ಹುಡುಕೋ ಪ್ರಾಕ್ಟೀಸ್, ಭಾವ ನನಗಿಂತ ಬೇಗ ಅಗೆದ್ರು.