ಹಿತ್ತಲ ಜೀರುಂಡೆ

ಈ ಜೀರುಂಡೆಗಳನ್ನು ಹುಡುಕೋದು ತಾಳ್ಮೆ ಪರೀಕ್ಷೆಯೇ ಸರಿ. ದೂರದಲ್ಲಿದ್ದಾಗ ಕಿವಿ ತೂತಾಗುವಂತೆ ಕಿರ್ರೆನ್ನುತ್ತವೆ, ಒಂದು ಹೆಜ್ಜೆ ಹತ್ತಿರ ಇಟ್ಟರೆ ಗಪ್‌ಚಿಪ್. ಬಾಲದ ತುದಿಯ ಎರಡು ಎಳೆಗಳಿಗೆ ಗಾಳಿ ಚೂರು ಅಲುಗಿದರೂ ಗೊತ್ತಾಗುತ್ತದಂತೆ!

ಕೊನೆಗೂ ಹೂಕುಂಡದ ಅಡಿ, ಒದ್ದೆ ಎಲೆಗಳ ನಡುವೆ ಒಂದು ಸಿಕ್ಕಿತು. ಗಾಜಿನ ಲೋಟ ಬೋರಲು ಹಾಕಿ ಟಾರ್ಚ್ ಬಿಟ್ಟೆ. ಎಣ್ಣೆ ಸವರಿದಂಥ ಕಪ್ಪು ಮೈ, ರೆಕ್ಕೆ ಬುಡದಲ್ಲಿ ಎರಡು ಹಳದಿ ಮಚ್ಚೆ. ಗ್ರಿಲ್ಲಸ್ ಬೈಮ್ಯಾಕುಲೇಟಸ್ ಅನ್ನೋ ಜಾತಿಯ ಜೀರುಂಡೆ ಇರಬೇಕು. ಮಿಡತೆಯಂತೂ ಅಲ್ಲ: ಅದರ ಮೀಸೆ ಗಿಡ್ಡ, ಇದರದ್ದು ದಾರದ ಹಾಗೆ ಉದ್ದ. ಹಿಂದೆ ಸೂಜಿಯಂಥ ಮೊಟ್ಟೆನಳಿಗೆಯೂ ಇತ್ತು, ಅಂದರೆ ಹೆಣ್ಣು. ಹಾಡಿದ್ದು ಇವಳಲ್ಲ, ಪಕ್ಕದಲ್ಲೆಲ್ಲೋ ಇದ್ದ ಗಂಡು. ಮುಂದಿನ ರೆಕ್ಕೆಗಳನ್ನು ಒಂದಕ್ಕೊಂದು ಉಜ್ಜಿ ಸದ್ದು ಮಾಡುವವನು ಅವನೇ. ಕೇಳಿಸಿಕೊಳ್ಳುವ ಇವಳ ಕಿವಿ ಇರೋದು ಮುಂಗಾಲಲ್ಲಿ, ಮಂಡಿಯ ಸ್ವಲ್ಪ ಕೆಳಗೆ.

ರಾತ್ರಿಯಿಡೀ ನಿದ್ದೆಗೆಡಿಸುತ್ತವೆ ಅಂತ ಬೈಯುತ್ತೇವಲ್ಲ, ಆ ಗಲಾಟೆಯಲ್ಲಿ ನಮಗೆ ಹೇಳಿದ್ದು ಒಂದೂ ಇಲ್ಲ. ಲೋಟ ಎತ್ತಿದ್ದೇ ತಡ, ಚಂಗನೆ ಹಾರಿ ಹೋದಳು. ಫೋಟೋ ಮಸುಕಾಗಿದೆ, ಆದರೂ ಹಾಕಿದ್ದೇನೆ.