ಹೊಟ್ಟೆಯಲ್ಲಿ ಮಗು, ಕೈಯಲ್ಲಿ ಪಂಪು

“ಬಸುರಿಯಾಗಿದ್ದಾಗಲೂ ಆ ಪಂಪು ಹೊಡೆದುಕೊಳ್ಳುತ್ತಿದ್ದಿರಾ? ಮಗುವಿಗೆ ಏನೂ ಆಗಲಿಲ್ಲವೇ?”

ಮದುವೆಮನೆಯ ಪಂಕ್ತಿಯಲ್ಲಿ, ಲಸಿಕೆಗೆಂದು ಮಗುವನ್ನು ಹಿಡಿದು ಕುಳಿತ ಬೆಂಚಿನಲ್ಲಿ, ಒಮ್ಮೆಯಂತೂ ಮೂರನೆಯ ಮಹಡಿಯಿಂದ ಲಿಫ್ಟು ಕೆಳಗಿಳಿಯುವಷ್ಟರಲ್ಲಿ ಈ ಪ್ರಶ್ನೆಯನ್ನು ನನಗೆ ಕೇಳಿದ್ದಾರೆ. ಬಾಯಿಮಾತಿನಲ್ಲಿ ಉತ್ತರಿಸಿ ಸಾಕಾಗಿದೆ. ಉತ್ತರಿಸುವಾಗ ಒಂದು ಸಲ ಕೆಮ್ಮಿದರೂ ಸಾಕು, ಕೇಳಿದವರು ತಮ್ಮ ಅನುಮಾನಕ್ಕೆ ಸಾಕ್ಷಿ ಸಿಕ್ಕಿತೆಂಬಂತೆ ತಲೆಯಾಡಿಸುತ್ತಾರೆ. ಆದ್ದರಿಂದ ಬರೆದೇ ಇಡುತ್ತಿದ್ದೇನೆ: ಹೌದು, ಉಬ್ಬಸದ (ಅಸ್ತಮಾದ) ಇನ್‌ಹೇಲರನ್ನು ತೆಗೆದುಕೊಳ್ಳುತ್ತಿದ್ದೆ, ದಿನಕ್ಕೆರಡು ಹೊತ್ತು. ಮಗಳಿಗೆ ಈಗ ಎರಡು ವರ್ಷ. ಅವಳಿಗೇನೂ ಆಗಿಲ್ಲ, ಅವಳಿಂದ ಮನೆಯ ಗೋಡೆಗಳಿಗೆ ಬಹಳಷ್ಟು ಆಗಿದೆ.

ಪ್ರಶ್ನೆಗಿಂತ ಹೆಚ್ಚು ಕೆರಳಿಸುವುದು ಆ ‘ಹೊಡೆದುಕೊಳ್ಳುವುದು’ ಎಂಬ ಮಾತು. ಪಂಪು ಹೊಡೆಯುವುದು ಸೈಕಲ್ಲಿನ ಟ್ಯೂಬಿಗೆ. ನಮ್ಮ ಭಾಷೆಯಲ್ಲಿ ಉಬ್ಬಸಕ್ಕೂ ‘ದಮ್ಮು’ ಎನ್ನುತ್ತೇವೆ, ಬೀಡಿ ಸೇದುವವನು ಎಳೆಯುವುದಕ್ಕೂ ‘ದಮ್ಮು’ ಎನ್ನುತ್ತೇವೆ. ಆ ಎರಡನೆಯ ದಮ್ಮಿನ ಅಪಖ್ಯಾತಿಯೆಲ್ಲ ಮೊದಲನೆಯದರ ಔಷಧಿಗೆ ಅಂಟಿಕೊಂಡಿದೆಯೋ ಏನೋ. “ಪಾಪ, ಅಭ್ಯಾಸವಾಗಿಬಿಟ್ಟಿದೆ” ಎನ್ನುವವರೇ ತಮ್ಮ ಬಿ.ಪಿ. ಮಾತ್ರೆಯನ್ನು ಹತ್ತು ವರ್ಷಗಳಿಂದ ಒಂದು ದಿನವೂ ತಪ್ಪಿಸಿರುವುದಿಲ್ಲ. “ಪಂಪು ಬಿಟ್ಟು ಮಾತ್ರೆ ನುಂಗಬಾರದೇ, ಅದಾದರೆ ಸೌಮ್ಯ” ಎಂಬ ಸಲಹೆಯೂ ಬರುತ್ತದೆ. ಉಸಿರು ಕಟ್ಟಿದಾಗ ಶ್ವಾಸನಾಳ ತೆರೆಸುವ ಸಾಲ್ಬುಟಮಾಲ್ ಇನ್‌ಹೇಲರ್‌ನ ಒಂದು ಪಫ್‌ನಲ್ಲಿ ಇರುವುದು 100 ಮೈಕ್ರೋಗ್ರಾಂ. ಅದೇ ಔಷಧಿಯ ಒಂದು ಮಾತ್ರೆಯಲ್ಲಿ 4 ಮಿಲಿಗ್ರಾಂ, ಎಂದರೆ ನಲವತ್ತು ಪಫ್‌ಗಳಷ್ಟು. ಅದು ಹೊಟ್ಟೆಗೆ ಹೋಗಿ, ರಕ್ತ ಸೇರಿ, ಮೈಯೆಲ್ಲ ಸುತ್ತಿ, ಕೊನೆಗೆ ಶ್ವಾಸಕೋಶಕ್ಕೆ ಬರಬೇಕು. ಆದರೆ ಮಾತ್ರೆ ನುಂಗುವುದು ಯಾರ ಕಣ್ಣಿಗೂ ಬೀಳುವುದಿಲ್ಲ, ಇನ್‌ಹೇಲರ್ ಎಲ್ಲರ ಕಣ್ಣಿಗೂ ಬೀಳುತ್ತದೆ.

ನನ್ನ ಸೀಮಂತದ ದಿನ ಅದು ಎಲ್ಲರ ಕಣ್ಣಿಗೂ ಬಿತ್ತು. ಏಳನೆಯ ತಿಂಗಳು. ಒಂದು ವಾರದ ಹಿಂದೆ ಊರಿನಿಂದ ಬಂದ ಅಕ್ಕನ ಮಗ ತನ್ನ ನೆಗಡಿಯನ್ನು ನನಗೆ ಒಪ್ಪಿಸಿ, ತಾನು ಗುಣವಾಗಿ ಓಡಾಡುತ್ತಿದ್ದ. ನನ್ನ ಎದೆಯಲ್ಲಿ ಆಗಲೇ ಸಿಳ್ಳೆ ಶುರುವಾಗಿತ್ತು. ಹೋಮದ ಹೊಗೆ ಸೂರಿಗೆ ತಾಗಿ ಹಿಂದಿರುಗುತ್ತಿದ್ದ ಆ ಹಜಾರದಲ್ಲಿ, ಹಸಿರು ಸೀರೆಯುಟ್ಟು ಮಣೆಯ ಮೇಲೆ ಕುಳಿತವಳು ಇನ್‌ಹೇಲರನ್ನು ಯಾರಿಗೂ ಕಾಣದಂತೆ ಸೆರಗಿನೊಳಗೆ ಇಟ್ಟುಕೊಂಡಿದ್ದೆ. ಮಡಿಲು ತುಂಬುವಾಗ ಅಕ್ಕಿ, ಕೊಬ್ಬರಿ ಗಿಟುಕು, ಬೆಲ್ಲದಚ್ಚುಗಳ ಜೊತೆ ಅದೂ ಸೇರಿಹೋಯಿತು. ಉಸಿರು ಕಟ್ಟಿ ಎದ್ದು ತಡಕಾಡಿ ಹೊರತೆಗೆದಾಗ ಮುಚ್ಚಳ ಎಲ್ಲೋ ಬಿದ್ದುಹೋಗಿತ್ತು. ಬಾಯಿಗೆ ಹಿಡಿಯುವ ಕೊಳವೆಯಲ್ಲಿ ಒಂದು ಅಕ್ಕಿಕಾಳು ಅಡ್ಡಲಾಗಿ ಸಿಕ್ಕಿಕೊಂಡಿತ್ತು. ನೋಡದೆ ಎಳೆದಿದ್ದರೆ ಅದು ನೇರ ಗಂಟಲಿಗೆ ಹೋಗುತ್ತಿತ್ತು. ಕುಟ್ಟಿ ಬೀಳಿಸುತ್ತಿದ್ದಾಗ ಸೋದರತ್ತೆ ನನ್ನ ಕೈ ಹಿಡಿದುಕೊಂಡರು. “ಇವತ್ತೊಂದು ದಿನ ಬೇಡ ಕಣೇ, ಕೂಸಿಗೆ ಬಡಿಯುತ್ತೆ. ಬಿಸಿನೀರು ಕುಡಿ.” ಅವರ ಕೈಯಲ್ಲಿ ಬಿಸಿನೀರಿನ ಲೋಟವೂ ಇತ್ತು. ನಾನು ಆ ನೀರನ್ನು ಕುಡಿದೆ ಎಂಬುದನ್ನು ಇಂದಿಗೂ ನನ್ನಿಂದ ಕ್ಷಮಿಸಿಕೊಳ್ಳಲಾಗಿಲ್ಲ.

ಇಪ್ಪತ್ತು ನಿಮಿಷದ ನಂತರ ಒಂದು ವಾಕ್ಯವನ್ನು ಪೂರ್ತಿ ಮಾಡುವಷ್ಟು ಉಸಿರು ಉಳಿದಿರಲಿಲ್ಲ. ಇನ್‌ಹೇಲರಿಗೆ ಸ್ಪೇಸರ್ ಎಂಬ ಉದ್ದನೆಯ ಕೊಳವೆ ಹಾಕಿ ತೆಗೆದುಕೊಂಡ ಪಫ್‌ಗಳು ಸಾಲಲಿಲ್ಲ. ತಲೆತುಂಬ ಮಲ್ಲಿಗೆ, ಮೊಣಕೈವರೆಗೆ ಹಸಿರು ಗಾಜಿನ ಬಳೆ ಇದ್ದಂತೆಯೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋದೆ. ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸಿದ ಯಂತ್ರ ಶೇ. 92 ತೋರಿಸಿತು. ಗರ್ಭಿಣಿಗೆ ಅದು 94ಕ್ಕಿಂತ ಕೆಳಗಿಳಿಯಬಾರದು. ಆಮ್ಲಜನಕ ಕೊಟ್ಟರು, ಔಷಧಿಯನ್ನು ಮಂಜಾಗಿಸಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಇಟ್ಟರು, ಮಗುವಿನ ಎದೆಬಡಿತ ಕೇಳಿಸಿಕೊಂಡರು, ಐದು ದಿನ, ದಿನಕ್ಕೆ 40 ಮಿಲಿಗ್ರಾಂನಂತೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಬರೆದರು.

ಇಲ್ಲಿಯವರೆಗಿನ ಕಥೆಯಲ್ಲಿ ಸೋದರತ್ತೆಯದೇ ತಪ್ಪೆಂದು ಕಾಣುತ್ತದೆ, ನಾನು ಹೇಳುವುದೂ ಹಾಗೆಯೇ. ನಿಜವೆಂದರೆ, ಬುಡೆಸೊನೈಡ್ ಎಂಬ, ಶ್ವಾಸನಾಳದ ಊತ ಇಳಿಸಿ ಉಬ್ಬಸ ಬಾರದಂತೆ ತಡೆಯುವ ನನ್ನ ದಿನನಿತ್ಯದ ಇನ್‌ಹೇಲರನ್ನು ಸೀಮಂತಕ್ಕೆ ಹನ್ನೊಂದು ದಿನ ಮೊದಲು ನಾನೇ ನಿಲ್ಲಿಸಿದ್ದೆ. ಯಾರೂ ಕಸಿದುಕೊಂಡಿರಲಿಲ್ಲ. ಡಬ್ಬಿಯ ಮೇಲೆ ‘ಸ್ಟೀರಾಯ್ಡ್’ ಎಂದು ಓದಿದ ನಾದಿನಿ “ಅಯ್ಯೋ” ಎಂದಳು, ಅಷ್ಟೆ. ಗರ್ಭಿಣಿಯರಲ್ಲಿ ಅತ್ಯಂತ ಹೆಚ್ಚು ಅನುಭವವಿರುವ ಇನ್‌ಹೇಲರ್ ಸ್ಟೀರಾಯ್ಡ್ ಅದೇ ಎಂದು ವೈದ್ಯರು ನನಗೆ ಎರಡನೆಯ ತಿಂಗಳಲ್ಲೇ ವಿವರಿಸಿದ್ದರು. ಮಗುವಿಗೆ ಅಪಾಯವಿರುವುದು ಔಷಧಿಯಿಂದಲ್ಲ, ಹತೋಟಿ ತಪ್ಪಿದ ಉಬ್ಬಸದಿಂದ, ಹಾಗಾದಾಗ ದಿನ ತುಂಬುವ ಮೊದಲೇ ಹೆರಿಗೆಯಾಗುವ, ಮಗು ಕಡಿಮೆ ತೂಕದ್ದಾಗುವ, ತಾಯಿಗೆ ರಕ್ತದೊತ್ತಡ ಏರುವ ಸಂಭವ ಹೆಚ್ಚುತ್ತದೆ ಎಂದೂ ಹೇಳಿದ್ದರು. ಆ ಎಲ್ಲ ಮಾತಿಗಿಂತ ಒಂದು “ಅಯ್ಯೋ” ಭಾರವಾಯಿತು. ದಿನಕ್ಕೆ 400 ಮೈಕ್ರೋಗ್ರಾಂ ಸ್ಟೀರಾಯ್ಡನ್ನು ಶ್ವಾಸಕೋಶಕ್ಕೆ ಎಳೆದುಕೊಳ್ಳಲು ಹೆದರಿದವಳು ಕೊನೆಗೆ ತೂಕದಲ್ಲಿ ಅದರ ನೂರರಷ್ಟನ್ನು ದಿನವೂ ನುಂಗಿದೆ. (ಎರಡರ ಶಕ್ತಿ ಬೇರೆಬೇರೆ, ಇದು ತೂಕದ ಲೆಕ್ಕವಷ್ಟೇ ಎಂದು ತಕರಾರು ತೆಗೆಯುವವರು ಇದ್ದಾರೆ, ಒಪ್ಪಿದೆ.)

“ನಿಮ್ಮ ವಂಶದಲ್ಲಿ ಇದೆಯಾ?” ಎಂಬುದು ಉಪಪ್ರಶ್ನೆ. ವಂಶದಲ್ಲಿ ಇದ್ದರೂ ಇರಬಹುದು, ಊರಿನಲ್ಲಂತೂ ಇದೆ. ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಬೆಂಗಳೂರಿನ ಮಕ್ಕಳಲ್ಲಿ ನಡೆಸಿದ ಅಧ್ಯಯನದಲ್ಲಿ ಅಸ್ತಮಾ 1979ರಲ್ಲಿ ಶೇ. 9 ಇದ್ದದ್ದು 1999ರ ಹೊತ್ತಿಗೆ ಶೇ. 29.5 ಆಗಿತ್ತು. 1999ರಲ್ಲಿ ನನಗೆ ಒಂಬತ್ತು ವರ್ಷ, ಆಗ ನಾನು ಇದ್ದದ್ದು ಬೆಂಗಳೂರಿನಲ್ಲೇ. ಆ ಮಕ್ಕಳು ಈಗ ತಾಯಂದಿರಾಗುವ ವಯಸ್ಸಿನವರು. ಪ್ರತಿ ಸೀಮಂತದಲ್ಲೂ ಒಬ್ಬಳಾದರೂ ಸೆರಗಿನೊಳಗೆ ಏನನ್ನೋ ಅಡಗಿಸಿಕೊಂಡಿರುತ್ತಾಳೆ.

ನನಗೆ ಬೇಕಾಗಿದ್ದ ಪ್ರಶ್ನೆ ಬೇರೆಯದು: ರಾತ್ರಿ ಹೇಗೆ ಮಲಗುತ್ತಿದ್ದೆ? ಒಂಬತ್ತು ತಿಂಗಳಲ್ಲಿ ಇದನ್ನು ಕೇಳಿದವರು ನನ್ನ ವೈದ್ಯರೊಬ್ಬರೇ, ಅದೂ “ರಾತ್ರಿ ಎಷ್ಟು ಸಲ ಎದ್ದಿರಿ?” ಎಂದು ಲೆಕ್ಕಕ್ಕಾಗಿ. ಉಬ್ಬಸ ಹತೋಟಿಯಲ್ಲಿದೆಯೇ ಎಂಬುದು ಆ ಲೆಕ್ಕದಿಂದಲೂ ತಿಳಿಯುತ್ತದೆ. ಉತ್ತರ: ಬೆನ್ನಿಗೆ ಮೂರು ದಿಂಬು, ಮೊಣಕಾಲಿನಡಿ ಒಂದು, ಗೋಡೆಗೆ ಒರಗಿ. ಬಸುರಿಯರಿಗೆಲ್ಲ ಸ್ವಲ್ಪ ಏದುಸಿರು ಸಹಜ. ಹಾಗಾಗಿ ಮೂರು ಗಂಟೆಗೆ ಎಚ್ಚರವಾದಾಗ, ಇದು ಹೊಟ್ಟೆಯೊಳಗಿನ ಮಗು ಮೇಲಕ್ಕೊತ್ತಿದ ಏದುಸಿರೋ ಅಥವಾ ನನ್ನ ಹಳೆಯ ಉಬ್ಬಸವೋ ಎಂದು ತಿಳಿಯದೆ ಕತ್ತಲೆಯಲ್ಲಿ ಕುಳಿತಿರಬೇಕಾಗುತ್ತಿತ್ತು. ದಾರಿ ತೋರಿಸಿದ್ದು ಜೋರಾಗಿ ಊದಿದಾಗ ಉಸಿರಿನ ವೇಗ ಅಳೆಯುವ, ಪೀಕ್ ಫ್ಲೋ ಮೀಟರ್ ಎಂಬ ಪ್ಲಾಸ್ಟಿಕ್ ಕೊಳವೆ. ಗರ್ಭದ ಏದುಸಿರಿನಲ್ಲಿ ಅದರ ಅಂಕಿ ಇಳಿಯುವುದಿಲ್ಲ, ಉಬ್ಬಸದಲ್ಲಿ ಇಳಿಯುತ್ತದೆ. ಚೆನ್ನಾಗಿದ್ದ ದಿನ ನನ್ನದು 380. ಸೀಮಂತದ ಬೆಳಗ್ಗೆ 240. ಅದನ್ನು ನೋಡಿ, ಕೊಳವೆಯನ್ನು ಡ್ರಾಯರಿನೊಳಗಿಟ್ಟು, ಬಳೆ ತೊಟ್ಟುಕೊಳ್ಳಲು ಹೋದೆ.

ಹೆರಿಗೆ ದಿನ ತುಂಬಿಯೇ ಆಯಿತು. ಬಾಣಂತನದಲ್ಲಿ ಇನ್‌ಹೇಲರಿನ ಜಗಳ ಮುಗಿದು ಸಾಂಬ್ರಾಣಿಯದು ಶುರುವಾಯಿತು. ಎಣ್ಣೆನೀರಾದ ಮೇಲೆ ಬಾಣಂತಿಯ ಕೂದಲಿಗೆ ಕೆಂಡದ ಮೇಲಿನ ಸಾಂಬ್ರಾಣಿ ಹೊಗೆ ಹಿಡಿಯದಿದ್ದರೆ ಶೀತವಾಗುತ್ತದೆ ಎಂದು ಅಮ್ಮ, ಹಿಡಿದರೆ ಆಸ್ಪತ್ರೆಗೆ ಹೋಗುತ್ತೇನೆ ಎಂದು ನಾನು. ಮೂರನೆಯ ದಿನ ಸೋದರತ್ತೆ ಬಂದರು. ಕೆಂಡದ ಪಾತ್ರೆಯನ್ನು ಮಾತಿಲ್ಲದೆ ಎತ್ತಿಕೊಂಡು ಹೋಗಿ ಹಿತ್ತಲಿನಲ್ಲಿಟ್ಟು, ಚೀಲದಿಂದ ತಮ್ಮ ಸೊಸೆಯ ಹೇರ್ ಡ್ರೈಯರ್ ತೆಗೆದು, ಪ್ಲಗ್ಗು ಎಲ್ಲಿದೆ ಎಂದು ಕೇಳಿದರು.