ಆರು ಲಕ್ಷ ಜನರ ಹಿಂದೆ

ಸೆಪ್ಟೆಂಬರ್ 22, 2024, ಭಾನುವಾರ

ಟಿಕೆಟ್ ಸಿಗಲಿಲ್ಲ. ಬೆಳಗ್ಗೆಯಿಂದ ಕೇಳುತ್ತಿರುವ ಎಲ್ಲರಿಗೂ ಇಲ್ಲೇ ಹೇಳಿಬಿಡುತ್ತೇನೆ, ದಯವಿಟ್ಟು ಮತ್ತೆ ಮೆಸೇಜ್ ಮಾಡಬೇಡಿ.

ಬ್ರಿಟನ್ನಿನ ರಾಕ್ ಬ್ಯಾಂಡ್ ಕೋಲ್ಡ್‌ಪ್ಲೇ ಜನವರಿ 18 ಮತ್ತು 19ಕ್ಕೆ ನವಿ ಮುಂಬಯಿಯ ಡಿ.ವೈ. ಪಾಟೀಲ್ ಸ್ಟೇಡಿಯಮ್ಮಿಗೆ ಬರುತ್ತಿದೆ. ಮಾರಾಟ ಇವತ್ತು ಮಧ್ಯಾಹ್ನ 12ಕ್ಕೆ ಶುರು. ಹನ್ನೆರಡು ಹೊಡೆಯುವ ಮೊದಲೇ ಸೈಟ್ ಮಕಾಡೆ ಮಲಗಿತು. ಅದು ಎದ್ದು ಕೂತ ಮೇಲೆ ಆನ್‌ಲೈನ್ ಸಾಲಿನಲ್ಲಿ ನನ್ನ ನಂಬರ್ ಬಂತು. ನನ್ನ ಮುಂದೆ ಆರು ಲಕ್ಷ ಚಿಲ್ಲರೆ ಜನ! ಎರಡು ದಿನ ಸೇರಿಸಿದರೂ ಅಷ್ಟು ಜನಕ್ಕೆ ಅಲ್ಲಿ ಜಾಗ ಇಲ್ಲ ಅನ್ನುವುದು ಒಂದನೇ ಕ್ಲಾಸಿನ ಲೆಕ್ಕ. ಆದರೂ ಕೂತೆ.

ಪರದೆಯ ಮೇಲೆ ಒಂದು ಉದ್ದ ಪಟ್ಟಿ, ಅದರ ಎಡತುದಿಯಲ್ಲಿ ಕೂದಲೆಳೆಯಷ್ಟು ಬಣ್ಣ. ಪುಟ ರಿಫ್ರೆಶ್ ಮಾಡಬೇಡಿ ಅಂತ ಕೆಳಗೆ ಎಚ್ಚರಿಕೆ ಬೇರೆ. ಫೋನ್ ಆಫ್ ಆದರೆ ಜಾಗ ಹೋಗುತ್ತೇನೋ ಅಂತ ಎಡಗೈ ಬೆರಳಿನಿಂದ ಆಗಾಗ ಪರದೆ ಮುಟ್ಟುತ್ತಾ ಬಲಗೈಯಲ್ಲಿ ಸಾರನ್ನ ಕಲಸಿದೆ. ಅಮ್ಮ ಎದುರಿಗೆ ಕೂತು ನೋಡುತ್ತಿದ್ದಳು. "ಪಿತೃಪಕ್ಷದಲ್ಲಿ ಯಾರಾದ್ರೂ ಇಂಥದ್ದೆಲ್ಲ ತಗೊಳ್ತಾರೇನೇ?" ಅಂದಳು. ಆಮೇಲೆ ಅವಳೇ, "ತುಪ್ಪ ಹಾಕ್ಲಾ?" ಅಂದಳು.

ನನಗೆ ಸಿಟ್ಟು ಬಂದಿರುವುದು ಟಿಕೆಟ್ ಸಿಗದಿದ್ದಕ್ಕಲ್ಲ. ಬೇಗ ಬನ್ನಿ, ಸೈಟಿನ ವೇಟಿಂಗ್ ರೂಮಿನಲ್ಲಿ ಕಾಯಿರಿ ಅಂತ ಕರೆದು ಕೂರಿಸುತ್ತಾರಲ್ಲ, ಅದಕ್ಕೆ. ಮಾರಾಟ ಶುರುವಾಗುವ ಮೊದಲು ಬಂದವರನ್ನೆಲ್ಲ ಒಟ್ಟಿಗೆ ಕಲಸಿ, ಕಂಪ್ಯೂಟರ್ ಮನಸ್ಸಿಗೆ ಬಂದ ಹಾಗೆ ನಂಬರ್ ಹಂಚುತ್ತದೆ. ಹನ್ನೊಂದಕ್ಕೇ ಬಂದವಳೂ ಒಂದೇ, ಹನ್ನೆರಡಕ್ಕೆ ಒಂದು ನಿಮಿಷ ಇರುವಾಗ ಬಂದವನೂ ಒಂದೇ. ಚೀಟಿ ಎತ್ತುವುದಾದರೆ ಹಾಗಂತ ಮೊದಲೇ ಹೇಳಲಿ, ನಾನು ನೆಮ್ಮದಿಯಾಗಿ ಸ್ನಾನ ಮುಗಿಸಿ ಬರುತ್ತಿದ್ದೆ.

2016ರ ನವೆಂಬರ್‌ನಲ್ಲಿ ಇದೇ ಬ್ಯಾಂಡ್ ಮುಂಬಯಿಗೆ ಬಂದಿತ್ತು. ಗ್ಲೋಬಲ್ ಸಿಟಿಜನ್ ಫೆಸ್ಟಿವಲ್, ಎಂಎಂಆರ್‌ಡಿಎ ಮೈದಾನ. ಎ.ಆರ್. ರೆಹಮಾನ್ ಕೂಡ ಅದೇ ವೇದಿಕೆ ಹತ್ತಿದ್ದರು. ನೋಟು ರದ್ದಾಗಿ ಇನ್ನೂ ಎರಡು ವಾರ ಆಗಿರಲಿಲ್ಲ. ನಾನಾಗ ಮೈಸೂರಿನಲ್ಲಿ ಓದುತ್ತಿದ್ದೆ. ಅವರು ಅಲ್ಲಿ ಹಾಡುತ್ತಿದ್ದಾಗ ನಾನು ಇಲ್ಲಿ ಸರಸ್ವತಿಪುರಂನ ಎಟಿಎಂ ಮುಂದೆ ನಿಂತಿದ್ದೆ. ಆ ಸಾಲಿನಲ್ಲಿ ಮುಂದಿದ್ದವರ ಬೆನ್ನಾದರೂ ಕಾಣುತ್ತಿತ್ತು. ಹಿಂದಿದ್ದ ಅಜ್ಜಿ, "ಹೋಗಿ ಕಾಫಿ ಕುಡ್ಕೊಂಡು ಬಾ ಮಗಾ, ಜಾಗ ನೋಡ್ಕೋತೀನಿ" ಅಂದಿದ್ದರು. ಯಾರಾದರೂ ನಡುವೆ ನುಗ್ಗಿದರೆ ಎಲ್ಲರೂ ಸೇರಿ ಬೈಯಬಹುದಿತ್ತು. ಇವತ್ತು ಯಾರನ್ನು ಬೈಯಲಿ?

ಎರಡು ಗಂಟೆ ಸುಮಾರಿಗೆ ಚಿಕ್ಕಮ್ಮನ ಮಗ ಪುಟ್ಟ ಫೋನ್ ಮಾಡಿದ.

"ಅಕ್ಕಾ, ಸಿಕ್ತಾ?"

"ಇಲ್ಲ ಕಣೋ."

"ನಂಗೆ ಸಿಕ್ತು! ನಾಲ್ಕು!"

ಒಬ್ಬರಿಗೆ ನಾಲ್ಕೇ ಟಿಕೆಟ್ ಅಂತ ಮಿತಿ. ನಾಲ್ಕನ್ನೂ ತಗೊಂಡಿದ್ದಾನೆ, ನಿಂತು ನೋಡುವ ಜಾಗದ್ದು, ತಲಾ 6,450. ದುಡ್ಡು ರೂಮ್‌ಮೇಟ್‌ನ ಅಪ್ಪನ ಕಾರ್ಡಿಂದಂತೆ. ನನಗೆ ಎಷ್ಟು ಖುಷಿಯಾಯಿತು ಅಂದರೆ, "ಪುಟ್ಟಾ, ನೀನು ನಮ್ಮನೆ ದೇವರು ಕಣೋ" ಅಂದುಬಿಟ್ಟೆ.

"ನಿಂಗೆ ಅಂತ ಕಡಿಮೆಗೇ ಕೊಡ್ತೀನಿ ಅಕ್ಕಾ. ಹದಿನೈದು."

"ಹದಿನೈದು ಏನು?"

"ಸಾವಿರ. ಹೊರಗಡೆ ಇನ್ನೂ ಜಾಸ್ತಿ ಇದೆ, ಬೇಕಾದ್ರೆ ನೋಡು."

"ಮಿಕ್ಕ ಮೂರರಲ್ಲಿ ನೀನು ಹೋಗಲ್ವಾ?"

"ನಾನಾ? ಅವರ ಹಾಡು ರೀಲ್ಸಲ್ಲಿ ಒಂದೋ ಎರಡೋ ಕೇಳಿದ್ದೀನಿ ಅಷ್ಟೇ. ಜನವರೀಲಿ ಇಂಟರ್ನಲ್ಸ್ ಬೇರೆ ಇದೆ."

ಫೋನ್ ಇಟ್ಟುಬಿಟ್ಟೆ. ನಾನು ಎತ್ತಿ ಆಡಿಸಿದ ಹುಡುಗ! ಗಾಂಧಿನಗರದ ಥಿಯೇಟರ್ ಮುಂದೆ ಬ್ಲಾಕಲ್ಲಿ ಮಾರುವವನಿಗೆ ಪೊಲೀಸರ ಭಯವಾದರೂ ಇರುತ್ತಿತ್ತು. ಇವನು ಹಾಸ್ಟೆಲ್ಲಿನ ಮಂಚದ ಮೇಲೆ ಮಲಗಿಕೊಂಡೇ ವ್ಯಾಪಾರ ಮಾಡುತ್ತಿದ್ದಾನೆ. ಚಿಕ್ಕಮ್ಮನಿಗೆ ಹೇಳೋಣ ಅಂದುಕೊಂಡೆ. ಚಿಕ್ಕಮ್ಮ ಹೆಮ್ಮೆ ಪಡುತ್ತಾಳೆ ಅಷ್ಟೇ, ಬಿಡಿ.

ಹೊರಗಡೆ ಜಾಸ್ತಿ ಇದೆ ಅಂದನಲ್ಲ, ನೋಡಿದೆ. ಹೌದು. ಮರುಮಾರಾಟದ ಸೈಟುಗಳಲ್ಲಿ ಲಕ್ಷಗಳಲ್ಲಿ ಬೆಲೆ ಹಾಕಿದ್ದಾರೆ. ಅದನ್ನು ನೋಡಿದ ಮೇಲೆ ಪುಟ್ಟನ ಹದಿನೈದು ಸಾವಿರ ನಿಜವಾಗಲೂ ತಮ್ಮನ ರೇಟು ಅನ್ನಿಸತೊಡಗಿತು. ಅದಕ್ಕೇ ಇನ್ನೂ ಸಿಟ್ಟು.

ಈ ನಡುವೆ 21ಕ್ಕೆ ಮೂರನೇ ಶೋ ಅಂತ ಘೋಷಿಸಿದರು. ಮಂಗಳವಾರ. ರಜೆಯ ವಿಷಯ ಆಮೇಲೆ ನೋಡೋಣ ಅಂತ ಮತ್ತೆ ಸಾಲಿಗೆ ಸೇರಿದೆ. ಅದೂ ಹೋಯಿತು.

ರೈಲು ಟಿಕೆಟ್ ಮಾತ್ರ ಕನ್ಫರ್ಮ್ ಆಗಿ ಕೂತಿದೆ. ರಿಸರ್ವೇಶನ್ 120 ದಿನ ಮುಂಚೆಯೇ ತೆರೆದಿತ್ತಲ್ಲ, ಮೊನ್ನೆ ಗುರುವಾರ ಬೆಳಗ್ಗೆ ಎಂಟಕ್ಕೇ ಜನವರಿ 17ರ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಮಾಡಿದ್ದೆ. ಕಿಟಕಿ ಪಕ್ಕದ ಸೈಡ್ ಲೋವರ್. ರೈಲ್ವೆಯವರನ್ನು ಇವತ್ತಿನ ಮಟ್ಟಿಗೆ ಹೊಗಳುತ್ತೇನೆ.

ರದ್ದು ಮಾಡಿಲ್ಲ. ನವೆಂಬರ್ 22ಕ್ಕೆ ಇನ್ಫಿನಿಟಿ ಟಿಕೆಟ್ ಅಂತ ಒಂದಷ್ಟು ಬಿಡುತ್ತಾರೆ, ಎರಡು ಸಾವಿರಕ್ಕೆ ಒಂದು. ಎಲ್ಲಿ ಕೂರಿಸುತ್ತಾರೆ ಅಂತ ಕೊಳ್ಳುವಾಗ ಗೊತ್ತಾಗುವುದಿಲ್ಲ. ವೇದಿಕೆಯ ಹತ್ತಿರವೂ ಇರಬಹುದು, ಮೇಲಿನ ಕೊನೆ ಸಾಲೂ ಇರಬಹುದು. ನಿಮ್ಮ ಅದೃಷ್ಟ ಅಂತ ಅವರೇ ಬಾಯಿಬಿಟ್ಟು ಹೇಳುತ್ತಾರೆ, ಹಾಗಾಗಿ ಅದರ ಮೇಲೆ ನನಗೆ ತಕರಾರಿಲ್ಲ. ಆದರೆ ಜೋಡಿಯಾಗಿಯೇ ಕೊಳ್ಳಬೇಕು, ಅಕ್ಕಪಕ್ಕದ ಎರಡು. ಎರಡನೆಯದು ಯಾರಿಗೆ? ಪುಟ್ಟನಿಗಂತೂ ಅಲ್ಲ. ಸಿದ್ಧಿವಿನಾಯಕನ ದರ್ಶನ ಮಾಡಿಸುವುದಾದರೆ ಬರುತ್ತೇನೆ ಅನ್ನುತ್ತಿದ್ದಾಳೆ ಅಮ್ಮ. ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾಳಂತೆ.

ಕ್ಯಾಲೆಂಡರ್ ನೋಡಿದೆ. ನವೆಂಬರ್ 22 ಶುಕ್ರವಾರ. ಮಾರಾಟ ಮತ್ತೆ ಹನ್ನೆರಡಕ್ಕೇ, ಸರಿಯಾಗಿ ನಮ್ಮ ವಾರದ ಮೀಟಿಂಗ್ ಹೊತ್ತಿಗೆ. ಹಲ್ಲುನೋವು ಅಂದರೆ ಮ್ಯಾನೇಜರ್ ನಂಬಲ್ಲ, ಹೋದ ಸಲವೂ ಅದನ್ನೇ ಹೇಳಿದ್ದೆ.